ನಿಮ್ದು ಹೇಳ್ರಿ ಅಯ್ಯನೋರೇ

2022ರ ಜುಲೈ ತಿಂಗಳ ಒಂದು ಭಾನುವಾರ, ಹುಮನಾಬಾದ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಆರಾಧನೆ ಮುಗಿಸಿ ಚರ್ಚಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಮಾತನಾಡಿಸಿ ಕಳುಹಿಸುತ್ತಿದ್ದೆ. ಅಂದಿನ ಪ್ರಸಂಗ, ಅಂದರೆ ಉಪದೇಶ, ಬೈಬಲಿನ ಲೂಕನ ಸುವಾರ್ತೆಯ ಐದನೆಯ ಅಧ್ಯಾಯದ ಮೇಲಿತ್ತು. ರಾತ್ರಿಯೆಲ್ಲ ದುಡಿದರೂ ಒಂದು ಮೀನೂ ಸಿಗದ ಸೀಮೋನನು ಯೇಸುವಿನ ಮಾತಿಗೆ ಒಪ್ಪಿ ಮತ್ತೊಮ್ಮೆ ಬಲೆ ಹಾಕಿದ ಕಥೆ ಅದು. ಎಪ್ಪತ್ತು ದಾಟಿದ ಒಬ್ಬ ಅವ್ವ ನನ್ನ ಎರಡೂ ಕೈ ಹಿಡಿದುಕೊಂಡು, "ಅಯ್ಯನೋರೇ, ಈ ಮೀನಿನ ಪ್ರಸಂಗ ನೀವು ಬಂದ ವರ್ಷ ಬೀ ಹೇಳಿದ್ರಿ. ಆಗ ನಂಗ ಅಳು ಬಂದಿತ್ತು. ಈ ಸಲ ನಿದ್ದಿ ಬಂತು ನೋಡ್ರಿ" ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಮಳೆ ತಡವಾಯಿತು, ಮೊಣಕಾಲು ನೋಯುತ್ತಿದೆ ಎಂದು ಹೇಳುವ ಧಾಟಿಯಲ್ಲೇ ಇದನ್ನೂ ಹೇಳಿ, ಸೆರಗು ಸರಿಪಡಿಸಿಕೊಂಡು ಹೊರಟುಹೋದರು.

ಮನೆಗೆ ಬಂದು ಹಳೆಯ ಪ್ರಸಂಗದ ನೋಟ್‌ಬುಕ್ಕುಗಳನ್ನು ತೆಗೆದು ನೋಡಿದೆ. ಅವ್ವ ಹೇಳಿದ್ದು ನಿಜವಾಗಿತ್ತು, ನಿಜಕ್ಕಿಂತಲೂ ಕಡಿಮೆಯೇ ಆಗಿತ್ತು. 2018ರಲ್ಲಿ ಈ ಹಳ್ಳಿಗೆ ಬಂದ ಹೊಸದರಲ್ಲಿ ಅದೇ ಪ್ರಸಂಗ ಮಾಡಿದ್ದೆ. ಅದಕ್ಕೂ ಮೊದಲು, 2012ರಲ್ಲಿ, ಬೇರೊಂದು ಸಭೆಯಲ್ಲಿ ಮಾಡಿದ್ದೆ. ಒಂದೇ ಪುಟದಲ್ಲಿ ಎರಡು ಬಣ್ಣದ ಶಾಯಿಯಲ್ಲಿ ತಾರೀಖುಗಳಿದ್ದವು. ಕಪ್ಪು ಶಾಯಿಯಲ್ಲಿ ಬರೆದ ಸಾಲೊಂದರ ಪಕ್ಕ, ಅಂಚಿನಲ್ಲಿ, "ಇಲ್ಲಿ ಸ್ವಲ್ಪ ನಿಲ್ಲಿಸು" ಎಂದು ನನಗೆ ನಾನೇ ಸೂಚನೆ ಬರೆದುಕೊಂಡಿದ್ದೆ. ಆ ಬೆಳಿಗ್ಗೆ ನೋಟ್‌ಬುಕ್ಕನ್ನು ನೋಡದೆಯೇ ಸರಿಯಾಗಿ ಅದೇ ಜಾಗದಲ್ಲಿ, ಗಂಟಲು ಕಟ್ಟಿದವನಂತೆ ನಿಲ್ಲಿಸಿದ್ದೆ. 2012ರಲ್ಲಿ ಗಂಟಲು ನಿಜವಾಗಿಯೂ ಕಟ್ಟಿತ್ತೆಂಬ ನೆನಪು ನನಗಿದೆ.

ಮೆಥಡಿಸ್ಟ್ ಎಂಬ ಪ್ರಾಟೆಸ್ಟೆಂಟ್ ಕ್ರೈಸ್ತ ಪಂಥದ ಸಭಾಪಾಲಕರ ಬದುಕು ಗೊತ್ತಿಲ್ಲದವರಿಗೆ ಇಲ್ಲೊಂದು ವಿಷಯ ಹೇಳಬೇಕು. ನಮ್ಮಲ್ಲಿ ಯಾವ ಪಾಸ್ಟರೂ ಒಂದೇ ಊರಿಗೆ ಸೇರಿದವನಲ್ಲ. ಕಾನ್ಫರೆನ್ಸ್ ಎಂಬ ಸಮ್ಮೇಳನದ ಕೊನೆಗೆ ಬಿಷಪ್ಪರು ನೇಮಕಾತಿಯ ಪಟ್ಟಿ ಓದುತ್ತಾರೆ, ಹೆಸರು ಬಂದವನು ಪಾತ್ರೆ-ಪಡಗ ಕಟ್ಟಿಕೊಂಡು ಹೊರಡುತ್ತಾನೆ. ಇದು ನಮ್ಮ ಪಂಥಕ್ಕೆ ಮೂಲನಾದ ಜಾನ್ ವೆಸ್ಲಿಯ ಕಾಲದಿಂದ ಬಂದ ಪದ್ಧತಿ. ಒಂದೇ ಜಾಗದಲ್ಲಿ ಒಂದು ವರ್ಷವಿಡೀ ಪ್ರಸಂಗ ಮಾಡಿದರೆ ತಾನೂ ನಿದ್ದೆ ಹೋಗುತ್ತೇನೆ, ಸಭೆಯ ಬಹುಪಾಲು ಜನರನ್ನೂ ನಿದ್ದೆ ಹೋಗಿಸುತ್ತೇನೆ ಎಂದು ಅವನೇ 1756ರ ಒಂದು ಪತ್ರದಲ್ಲಿ ಬರೆದಿದ್ದಾನೆ. ಅವನ ಉದ್ದೇಶ ಒಳ್ಳೆಯದೇ. ಆದರೆ ನನ್ನಂಥವನಿಗೆ ಈ ಪದ್ಧತಿಯೇ ಪರದೆಯಾಗಿ ನಿಂತಿತ್ತು. ಮೂರು ವರ್ಷಕ್ಕಾಗುವಷ್ಟು ಪ್ರಸಂಗಗಳಿದ್ದರೆ ಸಾಕು, ಊರು ಬದಲಾದಾಗ ಅವೇ ಹೊಸದಾಗುತ್ತವೆ. ಒಳಗಿನ ಸೆಲೆ ಬತ್ತಿದೆಯೆಂಬುದು ಸಭೆಗೂ ತಿಳಿಯುವುದಿಲ್ಲ, ಸ್ವತಃ ಪಾಸ್ಟರಿಗೂ ತಿಳಿಯುವುದಿಲ್ಲ. ಕೋವಿಡ್‌ನಿಂದಾಗಿ ಆ ಸಲ ನಾನು ಎಂದಿಗಿಂತ ಹೆಚ್ಚು ಕಾಲ ಒಂದೇ ಕಡೆ ಉಳಿದೆ. ನೋಟ್‌ಬುಕ್ ಮುಗಿದದ್ದು ಹೀಗೆ ಹೊರಬಿತ್ತು.

ಬತ್ತುವುದೆಂದರೆ ಏನೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ಪಾಪದಲ್ಲಿ ಬೀಳುವುದರೊಂದಿಗೆ ಅಥವಾ ನಂಬಿಕೆ ಕಳೆದುಕೊಳ್ಳುವುದರೊಂದಿಗೆ ಬೆರೆಸುವವರೇ ಹೆಚ್ಚು. ನಾನು ಕುಡಿತಕ್ಕೆ ಬಿದ್ದಿರಲಿಲ್ಲ, ಹಣ ಮುಟ್ಟಿರಲಿಲ್ಲ. ದೇವರಿದ್ದಾನೆಂಬುದರಲ್ಲಿಯೂ ಕ್ರಿಸ್ತನ ಪುನರುತ್ಥಾನದಲ್ಲಿಯೂ ನನಗೆ ಸಂಶಯ ಬಂದಿರಲಿಲ್ಲ. ಏಳು ಹಳ್ಳಿಗಳಿಗೆ ಬೈಕಿನಲ್ಲಿ ಹೋಗುತ್ತಿದ್ದೆ, ಮನೆ ಕೂಟ ನಡೆಸುತ್ತಿದ್ದೆ, ದೀಕ್ಷಾಸ್ನಾನ, ಮದುವೆ, ಮಣ್ಣು ಎಲ್ಲವನ್ನೂ ಮಾಡಿಸುತ್ತಿದ್ದೆ. ಆದರೆ ರೋಗಿಯ ಮಂಚದ ಪಕ್ಕ ಮೊಣಕಾಲೂರಿ ಏಳು ನಿಮಿಷ ತಡವರಿಸದೆ ಪ್ರಾರ್ಥಿಸುವಾಗ, ಬಾಯಿ "ಪರಲೋಕದ ತಂದೆಯೇ" ಎನ್ನುತ್ತಿದ್ದರೆ ಮನಸ್ಸು ಬೈಕಿನ ಪೆಟ್ರೋಲು ವಾಪಸು ಹೋಗಲು ಸಾಕೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿತ್ತು. ಬೈಬಲನ್ನು ಪೆನ್ನು ಹಿಡಿಯದೆ ತೆರೆಯುವುದು ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ. ಯಾವ ವಚನ ಕಂಡರೂ, "ಇದರಿಂದ ಮೂರು ಅಂಶ ತೆಗೆಯಬಹುದು" ಎಂಬ ಯೋಚನೆಯೇ ಮೊದಲು ಬರುತ್ತಿತ್ತು. ಮಗಳ ಪರೀಕ್ಷೆಯ ಹಿಂದಿನ ರಾತ್ರಿ ಮನೆಯಲ್ಲಿ ಪ್ರಾರ್ಥನೆ ಮಾಡಿದಾಗ ನನ್ನ ಹೆಂಡತಿ, "ಮನ್ಯಾಗರ ಮೈಕ್ ಬಿಟ್ಟು ಮಾತಾಡ್ರಿ" ಎಂದಿದ್ದಳು. ನಕ್ಕು ಸುಮ್ಮನಾಗಿದ್ದೆ.

ಇದರ ಮೂಲ ಎಲ್ಲಿದೆಯೆಂದು ಹುಡುಕಿದಾಗ 2021ರ ಏಪ್ರಿಲ್-ಮೇ ತಿಂಗಳುಗಳು ನೆನಪಿಗೆ ಬರುತ್ತವೆ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚಿನಲ್ಲಿ ಪಕ್ಕದ ಕಲಬುರಗಿಯಲ್ಲೇ ಆದರೂ ನಮ್ಮ ಹಳ್ಳಿಗಳಿಗೆ ನಿಜವಾದ ಪೆಟ್ಟು ಬಿದ್ದದ್ದು ಎರಡನೆಯ ಅಲೆಯಲ್ಲಿ. ಆರು ವಾರಗಳಲ್ಲಿ ಹನ್ನೊಂದು ಮಂದಿಯನ್ನು ಮಣ್ಣುಮಾಡಿದೆ. ಮನೆಯವರೇ ಹತ್ತಿರ ಬರಲಾಗದ ಸಮಾಧಿಗಳ ಮುಂದೆ, ಮಾಸ್ಕ್ ಹಾಕಿಕೊಂಡು, ಯೋಹಾನನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯವನ್ನು ಹನ್ನೊಂದು ಸಲ ಓದಿದೆ. ಅಳಬೇಕಾದಲ್ಲಿ ಅಳದೆ ಮುಂದಿನ ಮನೆಗೆ ಹೋಗುವುದೇ ಆಗ ಕರ್ತವ್ಯವಾಗಿತ್ತು. ಆ ಕರ್ತವ್ಯ ಮುಗಿದ ಮೇಲೂ ಅಳು ಬರಲಿಲ್ಲ, ಅದರೊಂದಿಗೆ ಬರಬೇಕಾದ ಬೇರೇನೂ ಬರಲಿಲ್ಲ. ಹಾಗೆಂದು ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟುವುದು ಪ್ರಾಮಾಣಿಕವಲ್ಲ. ಮೀನಿನ ಪ್ರಸಂಗ ಎರಡನೆಯ ಊರಿಗೆ ಹೋದದ್ದು 2018ರಲ್ಲಿ.

ಅವ್ವನ ಮಾತಿನ ನಂತರದ ಐದಾರು ತಿಂಗಳು ನಾನು ಮಾಡಿದ್ದೆಲ್ಲವೂ ಹೆಚ್ಚು ಕಡಿಮೆ ತಪ್ಪು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪ್ರಾರ್ಥಿಸಲು ತೊಡಗಿದೆ. ಎರಡು ವಾರದಲ್ಲಿ ಮಧ್ಯಾಹ್ನದ ಭೇಟಿಗಳಲ್ಲಿ ತೂಕಡಿಸತೊಡಗಿದೆ. ಪ್ರತಿ ಶುಕ್ರವಾರ ಸಭೆಗೆಲ್ಲ ಉಪವಾಸ ಪ್ರಾರ್ಥನೆ ಇಟ್ಟೆ. ನನ್ನ ಬರಕ್ಕೆ ಕೂಲಿಗೆ ಹೋಗುವ ಹೆಂಗಸರು ಹಸಿದಿರಬೇಕಾಯಿತು ಎಂಬುದು ಹೊಳೆದದ್ದು ಬಹಳ ತಡವಾಗಿ. ನವೆಂಬರಿನಲ್ಲಿ ವಿಕಾರಾಬಾದ್ ಬಳಿಯ ಧಾರೂರಿನ ಕ್ರೈಸ್ತ ಜಾತ್ರೆಗೆ ಹೋದೆ. ಬೀದರ್ ಸೀಮೆಯ ಮೆಥಡಿಸ್ಟರಿಗೆ ಅದು ತಲೆಮಾರುಗಳ ವಾಡಿಕೆ. ಸಾವಿರಾರು ಜನರ ನಡುವೆ, ಒಲೆಯ ಹೊಗೆ ಮತ್ತು ಭಜನೆಯ ನಡುವೆ ಕುಳಿತಾಗ ಎದೆ ಸ್ವಲ್ಪ ಸಡಿಲವಾದದ್ದು ಸುಳ್ಳಲ್ಲ, ಆದರೆ ಮನೆ ಮುಟ್ಟುವುದರೊಳಗೆ ಅದು ಆರಿಹೋಯಿತು. ಬಳಿಕ ನಮ್ಮ ಹಳ್ಳಿಯಲ್ಲೇ ಮೂರು ರಾತ್ರಿಗಳ ಉಜ್ಜೀವನ ಕೂಟ ಇಡಿಸಿದೆ. ಹೊರಗಿನಿಂದ ಪ್ರಸಂಗಿಗಳು ಬಂದರು, ಪೆಂಡಾಲು, ಧ್ವನಿವರ್ಧಕ, ಕೀಬೋರ್ಡು ಎಲ್ಲವೂ ಬಂದವು, ಮೂರನೆಯ ರಾತ್ರಿ ಬಹಳ ಜನ ಮುಂದೆ ಬಂದು ಮೊಣಕಾಲೂರಿದರು. ನಾನು ಪಕ್ಕದಲ್ಲಿ ನಿಂತು ಪೆಂಡಾಲಿನವನಿಗೆ ಬಾಕಿ ಎಷ್ಟು ಕೊಡಬೇಕೆಂದು ಯೋಚಿಸುತ್ತಿದ್ದೆ. ಅಂಥ ಕೂಟಗಳಲ್ಲಿ ನಿಜವಾಗಿ ತಿರುಗಿಕೊಂಡವರನ್ನು ಬಲ್ಲೆ, ಆದ್ದರಿಂದ ಅವನ್ನು ಹಳಿಯಲಾರೆ. ಕೆಟ್ಟ ಪಂಪಿಗೆ ಹೆಚ್ಚು ಕರೆಂಟು ಕೊಟ್ಟಂತೆ ನಾನು ಅದನ್ನು ಬಳಸಿದೆನೆಂಬುದಷ್ಟೇ ನನ್ನ ದೂರು.

ಇದರ ನಡುವೆ ಒಂದು ಸರಿಯಾದ ಕೆಲಸವೂ ಆಯಿತು. ಹೆಂಡತಿಯ ಒತ್ತಾಯಕ್ಕೆ ಬೀದರಿನ ಒಬ್ಬ ವೈದ್ಯರಲ್ಲಿಗೆ ಹೋದೆ. ನಿದ್ದೆ ಬರುವುದಿಲ್ಲ, ಮೂರಕ್ಕೆ ಎಚ್ಚರವಾಗುತ್ತದೆ, ಊಟ ರುಚಿಸುವುದಿಲ್ಲ ಎಂದೆ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚಿತ್ತು. ಅವರು ಗುಳಿಗೆ ಬರೆದುಕೊಟ್ಟು, ದಿನಕ್ಕೆ ಏಳು ಗಂಟೆ ನಿದ್ದೆ ಮಾಡಬೇಕು, ವಾರಕ್ಕೊಂದು ದಿನ ಯಾವ ಕೆಲಸವನ್ನೂ ಮಾಡಬಾರದು ಎಂದರು. ವಾರಕ್ಕೊಂದು ದಿನ ವಿಶ್ರಮಿಸು ಎನ್ನುವ ಬೈಬಲಿನ ನಾಲ್ಕನೆಯ ಆಜ್ಞೆಯನ್ನು ನನಗೆ ಒಬ್ಬ ಮುಸಲ್ಮಾನ ವೈದ್ಯರು ಚೀಟಿಯ ಮೇಲೆ ಬರೆದುಕೊಟ್ಟಂತಾಯಿತು. ಪ್ರವಾದಿ ಎಲೀಯನು ಸಾಯಲು ಬಯಸಿ ಗಿಡದ ಕೆಳಗೆ ಮಲಗಿದಾಗ ದೂತನು ಅವನಿಗೆ ಉಪದೇಶ ಮಾಡಲಿಲ್ಲ. ಎರಡು ಸಲ ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅರಸುಗಳ ಮೊದಲನೆಯ ಪುಸ್ತಕದ ಹತ್ತೊಂಬತ್ತನೆಯ ಅಧ್ಯಾಯದ ಮೇಲೆ ನಾನು ಎಷ್ಟೋ ಸಲ ಮಾತನಾಡಿದ್ದರೂ ಈ ರೊಟ್ಟಿಯ ಭಾಗವನ್ನು ಯಾವಾಗಲೂ ಬೇಗ ದಾಟಿ, ಹೋರೇಬ್ ಬೆಟ್ಟದಲ್ಲಿ ಅವನು ಕೇಳಿದ ದೇವರ ಸೂಕ್ಷ್ಮ ಶಬ್ದಕ್ಕೆ ಓಡುತ್ತಿದ್ದೆ. ದೇಹದ ದಣಿವನ್ನು ಆತ್ಮದ ಬರವೆಂದು ತಿಳಿದು ತಮ್ಮನ್ನು ಹಿಂಸಿಸಿಕೊಳ್ಳುವ ಸೇವಕರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮೊದಲು ವೈದ್ಯರನ್ನು ಕಾಣಿರಿ ಎಂದು ಅವರಿಗೆ ಹೇಳಲು ನನಗೆ ಈಗ ಸಂಕೋಚವಿಲ್ಲ. ನಿದ್ದೆ ಮರಳಿ ಬಂತು. ಬರ ಮಾತ್ರ ಉಳಿಯಿತು. ಇನ್ನು ಅದು ಬರವೇ ಎಂಬುದು ಖಚಿತವಾಯಿತು.

2023ರ ಜನವರಿಯಲ್ಲಿ ಬೀದರಿನ ನೌಬಾದಿನಲ್ಲಿರುವ ನಿವೃತ್ತ ಸಭಾಪಾಲಕರೊಬ್ಬರ ಮನೆಗೆ ಹೋದೆ. ನಾನು ಹುಡುಗನಾಗಿದ್ದಾಗ ನನಗೆ ದೃಢೀಕರಣ ಕೊಟ್ಟು ಸಭೆಯ ಪೂರ್ಣ ಸದಸ್ಯನನ್ನಾಗಿ ಮಾಡಿದವರು ಅವರು. ಚಹಾ ಕುಡಿಯುತ್ತ ಅರ್ಧ ಗಂಟೆ ಸಭೆಯ ಸಮಸ್ಯೆಗಳನ್ನು ಹೇಳಿದೆ: ಯುವಕರು ಹೈದರಾಬಾದಿಗೆ ಕೆಲಸಕ್ಕೆ ಹೋಗುತ್ತಾರೆ, ಕಾಣಿಕೆ ಕಡಿಮೆಯಾಗಿದೆ, ಕೆಲವರು ಪಟ್ಟಣದ ಹೊಸ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದಾರೆ. ಅವರು ಎಲ್ಲವನ್ನೂ ಕೇಳಿ, "ಎಲೀಯಗ ದೇವರು ಏನು ಕೇಳಿದ್ರು?" ಎಂದರು. ನೀನು ಇಲ್ಲಿ ಏನು ಮಾಡುತ್ತೀ ಎಂದು ಕೇಳಿದರು ಎಂದೆ. "ಎಷ್ಟು ಸಲ?" ಎರಡು ಸಲ. "ಎಲೀಯ ಏನಂದ?" ಹೇಳಲು ಹೋಗಿ ನಿಂತುಬಿಟ್ಟೆ. ಎರಡು ಸಲವೂ ಎಲೀಯನು ಒಂದೇ ಉತ್ತರ ಕೊಡುತ್ತಾನೆ. ನಾನು ನಿನಗೋಸ್ಕರ ಬಹಳ ಆಸಕ್ತಿಯಿಂದ ದುಡಿದೆ, ಜನರು ಕೈಬಿಟ್ಟರು, ನಾನೊಬ್ಬನೇ ಉಳಿದೆ ಎಂಬುದನ್ನೇ, ನಡುವೆ ಗಾಳಿ, ಭೂಕಂಪ, ಬೆಂಕಿ, ಸೂಕ್ಷ್ಮ ಶಬ್ದ ಎಲ್ಲವೂ ಆದ ಮೇಲೂ, ಬಾಯಿಪಾಠ ಮಾಡಿದವನಂತೆ ಮತ್ತೆ ಹೇಳುತ್ತಾನೆ. ಇಪ್ಪತ್ತು ವರ್ಷದಿಂದ ಓದುತ್ತಿದ್ದ ಅಧ್ಯಾಯದಲ್ಲಿ ಇದನ್ನು ನಾನು ನೋಡಿರಲಿಲ್ಲ. ಪ್ರವಾದಿಯ ಬಳಿಯೂ ಒಂದು ನೋಟ್‌ಬುಕ್ ಇತ್ತು.

ಆಗ ಅವರಿಗೆ ಮೀನಿನ ಪ್ರಸಂಗದ ವಿಷಯ ಹೇಳಿದೆ. ಬಹಳ ಹೊತ್ತು ನಕ್ಕರು. ನಂತರ ಅವರು ಹೇಳಿದ ಮಾತುಗಳಲ್ಲಿ ಒಂದಕ್ಕೆ ನಾನು ಆಗ ಒಪ್ಪಲಿಲ್ಲ, ಈಗಲೂ ಪೂರ್ತಿ ಒಪ್ಪಿಲ್ಲ. ಅದು ಮೊರೇವಿಯನ್ ಎಂಬ ಕ್ರೈಸ್ತ ಪಂಥದ ಪೀಟರ್ ಬೋಲರ್ ಎಂಬ ಸಹೋದರನು 1738ರ ಮಾರ್ಚಿನಲ್ಲಿ ವೆಸ್ಲಿಗೆ ಕೊಟ್ಟ ಸಲಹೆ. ತನಗೇ ನಂಬಿಕೆಯಿಲ್ಲದಿರುವಾಗ ಹೇಗೆ ಪ್ರಸಂಗ ಮಾಡಲಿ, ಬಿಟ್ಟುಬಿಡಲೇ ಎಂದು ವೆಸ್ಲಿ ಕೇಳಿದಾಗ, ನಂಬಿಕೆ ದೊರಕುವವರೆಗೆ ನಂಬಿಕೆಯನ್ನೇ ಸಾರು, ದೊರಕಿದ ಮೇಲೆ ದೊರಕಿದ್ದರಿಂದಲೇ ಸಾರುವೆ ಎಂದು ಬೋಲರ್ ಹೇಳಿದ. ಅದೇ ವರ್ಷ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ವೆಸ್ಲಿಯ ಹೃದಯ ಬೆಚ್ಚಗಾದದ್ದು ನಮ್ಮ ಭಾನುವಾರ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ 1739ರ ಜನವರಿ 4ರಂದು ಅದೇ ಮನುಷ್ಯನು ತಾನು ಕ್ರೈಸ್ತನಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡದ್ದನ್ನು ನಾವು ಮಕ್ಕಳಿಗೆ ಹೇಳಿಕೊಡುವುದಿಲ್ಲ. ಎರಡನ್ನೂ ಹಿರಿಯ ಅಯ್ಯನವರೇ ನೆನಪಿಸಿದರು. ನನ್ನ ತಕರಾರು ಇಷ್ಟು: ವೆಸ್ಲಿ ತನ್ನಲ್ಲಿಲ್ಲವೆಂಬುದನ್ನು ಬೋಲರನ ಮುಂದೆ ಬಾಯಿಬಿಟ್ಟು ಹೇಳಿದ್ದ, ನಾನು ಯಾರಿಗೂ ಹೇಳಿರಲಿಲ್ಲ. ಬಾಯಿಬಿಡದವನ ಕೈಗೆ ಆ ಸಲಹೆ ಸಿಕ್ಕರೆ ಅದು ನಟನೆಗೆ ಪರವಾನಗಿಯಾಗುತ್ತದೆ. "ಹಂಗಾದ್ರ ಹೇಳಿಕೊಳ್ಳಾಕ ಜಾಗ ಹುಡುಕಪ್ಪ. ಜನ ನಿನಗ ಅಯ್ಯನೋರೇ ಅನ್ನದ ಜಾಗ" ಎಂದರು.

ಉಳಿದ ಸಲಹೆ ಸರಳವಾಗಿತ್ತು. ಬೈಬಲಿನ ಕೀರ್ತನೆಗಳ ಪುಸ್ತಕದಿಂದ ವಾರಕ್ಕೆ ಒಂದೇ ಕೀರ್ತನೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಗಟ್ಟಿಯಾಗಿ ಓದಬೇಕು. ಕೈಯಲ್ಲಿ ಪೆನ್ನಿರಬಾರದು. ಆ ಕೀರ್ತನೆಯ ಮೇಲೆ ಒಂದು ವರ್ಷ ಪ್ರಸಂಗ ಮಾಡಬಾರದು. ಸ್ವಂತ ಮಾತಿನ ಪ್ರಾರ್ಥನೆ ಬಂದರೆ ಬರಲಿ, ಬಾರದಿದ್ದರೆ ಎಳೆಯಬಾರದು.

ಆ ಸಂಜೆ ಇಬ್ಬರೂ ನೌಬಾದಿನ ಸುರಂಗ ಬಾವಿಯವರೆಗೆ ನಡೆದು ಹೋದೆವು. ಬಹಮನಿ ಸುಲ್ತಾನರ ಕಾಲದಲ್ಲಿ, ಕೆಂಪು ಜಂಬಿಟ್ಟಿಗೆಯ ನೆಲವನ್ನು ಕೊರೆದು, ನೆಲದಡಿಯ ಸೆಲೆಯ ನೀರನ್ನು ಮೂರು ಕಿಲೋಮೀಟರಿಗೂ ಹೆಚ್ಚು ದೂರ ಹರಿಸಿದ ಕಾಲುವೆ ಅದು. ಪರ್ಷಿಯಾದ ಕಾರೇಜ್ ಪದ್ಧತಿ. ನಡುನಡುವೆ ಗಾಳಿ-ಬೆಳಕಿಗೆ ಬಾವಿಯಂತೆ ಇಳಿಬಿಟ್ಟ ಕಿಂಡಿಗಳಿವೆ. ಆ ಕಿಂಡಿಗಳಲ್ಲಿ ಹಲವು ಕಾಲಾಂತರದಲ್ಲಿ ಮಣ್ಣು, ಕಸ ತುಂಬಿ ಮುಚ್ಚಿಹೋಗಿದ್ದವು. ಕೆಲವು ವರ್ಷಗಳ ಹಿಂದೆ ಹೂಳು ತೆಗೆದಾಗ ಕೆಳಗೆ ನೀರಿತ್ತು. ಪ್ರಸಂಗಿಯ ಕಣ್ಣಿಗೆ ಏನು ಬಿದ್ದರೂ ದೃಷ್ಟಾಂತವೇ. ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ ಅಬ್ರಹಾಮನ ಬಾವಿಗಳನ್ನು ಇಸಾಕನು ಮತ್ತೆ ತೋಡಿಸಿದ ಆದಿಕಾಂಡದ ಇಪ್ಪತ್ತಾರನೆಯ ಅಧ್ಯಾಯ, ಅದರ ಮೂರು ಅಂಶ, ಕೊನೆಗೆ ಹಾಡಿಸಬೇಕಾದ ಹಾಡು ಎಲ್ಲವೂ ಕ್ಷಣದಲ್ಲಿ ಸಿದ್ಧವಾದವು. ಹಿರಿಯರು ನನ್ನ ಮುಖ ನೋಡಿ, "ಬರೀಬ್ಯಾಡ" ಎಂದರು. ಬರೆಯಲಿಲ್ಲ. ಇಂದು ಮೊದಲ ಸಲ ಬರೆಯುತ್ತಿದ್ದೇನೆ.

ಕೀರ್ತನೆಗಳ ಓದು ಮೊದಲ ಎರಡು ತಿಂಗಳು ನಾರು ಅಗಿದಂತಿತ್ತು. ಹದಿಮೂರನೆಯ ಕೀರ್ತನೆಯಲ್ಲಿ ದಾವೀದನು ಎಷ್ಟರವರೆಗೆ, ಎಷ್ಟರವರೆಗೆ ಎಂದು ನಾಲ್ಕು ಸಲ ಕೇಳುತ್ತಾನೆ. ಅದು ನನ್ನ ಬಾಯಿಗೆ ಸರಿಹೊಂದಿತು. ಎಂಬತ್ತೆಂಟನೆಯದು ಕತ್ತಲೆಯ ಮಾತಿನಲ್ಲಿಯೇ ಮುಗಿದುಬಿಡುತ್ತದೆ. ಉಳಿದ ಪ್ರಲಾಪದ ಕೀರ್ತನೆಗಳಲ್ಲಿ ಹೆಚ್ಚಿನವು ಎಲ್ಲೋ ಒಂದು ಕಡೆ ಸ್ತುತಿಗೆ ಹೊರಳುತ್ತವೆ, ಇದು ಹೊರಳುವುದಿಲ್ಲ. ಅದನ್ನು ಓದುವ ವಾರ ಒಂದು ರಾತ್ರಿ, ನಾಲ್ಕನೆಯ ದಿನವಿರಬೇಕು, ಹನ್ನೊಂದು ಮಂದಿಯ ಹೆಸರುಗಳು ತಾವಾಗಿ ಬಾಯಿಗೆ ಬಂದವು. ಒಂದೊಂದನ್ನೇ ಹೇಳಿದೆ. ಎರಡು ವರ್ಷ ತಡವಾಗಿ ಅಳು ಬಂತು, ಅಡುಗೆಮನೆಯಿಂದ ಹೆಂಡತಿ ಬಂದು ಪಕ್ಕದಲ್ಲಿ ಕುಳಿತಳು. ಅದನ್ನು ಆತ್ಮಿಕ ಅನುಭವವೆಂದು ಕರೆಯಲು ನನಗೆ ಧೈರ್ಯವಿಲ್ಲ, ಆದರೆ ದೇವರ ಮುಂದೆ ಮೈಕಿಲ್ಲದೆ ಮಾತನಾಡಿದ್ದು ಬಹಳ ಕಾಲದ ನಂತರ ಅದೇ ಮೊದಲು.

ಹೇಳಿಕೊಳ್ಳುವ ಜಾಗ ಸಿಕ್ಕಿದ್ದು ನಾನು ಎಣಿಸದ ಕಡೆ. ಮೆಥಡಿಸ್ಟರ ಹಳೆಯ ಕ್ಲಾಸ್ ಮೀಟಿಂಗ್ ಎಂಬ ಪದ್ಧತಿ ಹುಟ್ಟಿದ್ದು ಸಾಲದಿಂದ ಎಂಬುದು ನನಗೆ ಮೊದಲಿನಿಂದಲೂ ತಮಾಷೆಯ ಸಂಗತಿ. 1742ರಲ್ಲಿ ಬ್ರಿಸ್ಟಲಿನ ಕೂಟದ ಮನೆಯ ಸಾಲ ತೀರಿಸಲು, ಹನ್ನೆರಡು ಜನಕ್ಕೊಬ್ಬ ನಾಯಕನಂತೆ, ಪ್ರತಿಯೊಬ್ಬರಿಂದ ವಾರಕ್ಕೊಂದು ಪೆನ್ನಿ ಎತ್ತುವ ಏರ್ಪಾಟು ಮಾಡಿದರು. ಹಣ ಕೇಳಲು ಮನೆಮನೆಗೆ ಹೋದವರು ಜನರ ನಿಜವಾದ ಸ್ಥಿತಿ ಕಂಡರು. ವೆಸ್ಲಿ ಅದನ್ನೇ ಪರಸ್ಪರ ಆತ್ಮದ ಕ್ಷೇಮ ವಿಚಾರಿಸುವ ಕೂಟವನ್ನಾಗಿ ಮಾಡಿದ. ನಮ್ಮ ಹಳ್ಳಿಯಲ್ಲಿ ಪ್ರತಿ ಗುರುವಾರ ಸಂಜೆ ಹೆಂಗಸರ ಉಳಿತಾಯ ಸಂಘ ಚರ್ಚಿನ ಕಟ್ಟೆಯ ಮೇಲೆ ಕೂಡುತ್ತದೆ. ಹಣ ಕಟ್ಟಿ, ಪಾಸ್‌ಬುಕ್ಕಿಗೆ ಬರೆಸಿಕೊಂಡ ಮೇಲೆ ಅವರು ಅರ್ಧ ಗಂಟೆ ಕುಳಿತು ಕಷ್ಟಸುಖ ಮಾತನಾಡುತ್ತಾರೆ, ಒಂದು ಹಾಡು ಹಾಡಿ ಎದ್ದು ಹೋಗುತ್ತಾರೆ. ಇನ್ನೂರೆಂಬತ್ತು ವರ್ಷ ಹಳೆಯ ಪದ್ಧತಿಯನ್ನು ಮತ್ತೆ ಹುಟ್ಟಿಸಲು ನಾನು ಯೋಜನೆ ಬರೆಯುತ್ತಿದ್ದಾಗ ಅದು ನನ್ನ ಕಿಟಕಿಯ ಹೊರಗೇ ನಡೆಯುತ್ತಿತ್ತು.

ನಾನೂ ಕೂಡಬಹುದೇ ಎಂದು ಕೇಳಿದೆ. ಸಂಘವನ್ನು ನಡೆಸುವವರು ಮೀನಿನ ಪ್ರಸಂಗದ ಅವ್ವನೇ. ಸಹಿ ಮಾಡಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾರೆ, ಆದರೆ ಯಾರ ಕಂತು ಎಷ್ಟು ಬಾಕಿಯೆಂಬುದು ನಾಲಿಗೆಯ ತುದಿಯಲ್ಲಿರುತ್ತದೆ. "ಕೂಡ್ರಿ, ಆದ್ರ ನೀವು ಬಂದ್ರ ಇವ್ರ್ಯಾರೂ ಮಾತಾಡಲ್ಲ" ಎಂದರು. ಅದು ಸರಿ. ಆದ್ದರಿಂದ ಸಂಘದ ಕೆಲಸ ಮುಗಿದ ಮೇಲೆ, ಬೇಕೆನ್ನುವವರು ಮಾತ್ರ ಉಳಿದು, ಹಿಂದಿನವರು ಕೇಳುತ್ತಿದ್ದ ಒಂದೇ ಪ್ರಶ್ನೆಯನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳುವುದೆಂದು ತೀರ್ಮಾನವಾಯಿತು. ನಿನ್ನ ಆತ್ಮ ಹೇಗಿದೆ ಎಂಬುದು ಗ್ರಂಥದ ಮಾತಾಯಿತೆಂದು ಅವ್ವ ಅದನ್ನು, "ಈ ವಾರ ಒಳಗ ಹ್ಯಾಂಗದ?" ಎಂದು ಬದಲಿಸಿದರು. ಪ್ರಶ್ನೆ ಕೇಳುವವರು ಅವ್ವ, ನಾನಲ್ಲ ಎಂಬ ಕರಾರನ್ನು ನಾನೇ ಹಾಕಿದೆ. ಒಂಬತ್ತು ಜನ ಉಳಿದರು.

ಮೊದಲ ಗುರುವಾರ ಒಬ್ಬಾಕೆ ಸೊಸೆಯ ಮೇಲಿನ ಸಿಟ್ಟು ಹೇಳಿಕೊಂಡಳು. ಪುಣೆಯಲ್ಲಿ ಗಾರೆ ಕೆಲಸ ಮಾಡಿ ಊರಿಗೆ ಬಂದಿದ್ದ ಹುಡುಗನೊಬ್ಬ ಅಲ್ಲಿ ಒಂದು ವರ್ಷ ಚರ್ಚಿಗೇ ಹೋಗಿರಲಿಲ್ಲವೆಂದ. ನನ್ನ ಸರದಿ ಬಂದಾಗ ನಾನು ಗಂಟಲು ಸರಿಮಾಡಿಕೊಂಡು, ಎಫೆಸದ ಸಭೆಯು ಮೊದಲಿನ ಪ್ರೀತಿಯನ್ನು ಬಿಟ್ಟ ವಿಷಯವನ್ನು, ಪ್ರಕಟನೆಯ ಎರಡನೆಯ ಅಧ್ಯಾಯದಿಂದ, ಸಾಕಷ್ಟು ಚೆನ್ನಾಗಿಯೇ ವಿವರಿಸತೊಡಗಿದೆ. ಅವ್ವ ಕೈ ಎತ್ತಿ ತಡೆದು, "ಅದು ಬೈಬಲ್‌ದಾಗಿಂದು ಆಯ್ತು. ನಿಮ್ದು ಹೇಳ್ರಿ ಅಯ್ಯನೋರೇ" ಎಂದರು.

ಎಷ್ಟು ಹೊತ್ತು ಸುಮ್ಮನಿದ್ದೆನೋ ತಿಳಿಯದು. ಆಮೇಲೆ, ಎರಡು ವರ್ಷದಿಂದ ನಿಮಗಾಗಿ ಪ್ರಾರ್ಥನೆ ಮಾಡುವಾಗ ನನ್ನ ಮನಸ್ಸು ಅಲ್ಲಿರಲಿಲ್ಲ, ನಿಮ್ಮ ಮನೆಗಳಲ್ಲಿ ಮಾಡಿದ ಪ್ರಾರ್ಥನೆಗಳಲ್ಲಿ ಎಷ್ಟೋ ಬರಿಯ ಮಾತು, ನನ್ನನ್ನು ಕ್ಷಮಿಸಿ ಎಂದೆ. ಯಾರೂ ಬೆಚ್ಚಿಬೀಳಲಿಲ್ಲ, ಅದೇ ನನಗೆ ಹೆಚ್ಚಿನ ಆಘಾತ. ಸೊಸೆಯ ಮೇಲೆ ಸಿಟ್ಟಿದ್ದಾಕೆ, "ನಮಗ ಗೊತ್ತಿತ್ರಿ" ಎಂದಳು. ಅವ್ವ ತಮ್ಮ ಭಾಷೆಯಲ್ಲಿ ನಾಲ್ಕೇ ಸಾಲು ಪ್ರಾರ್ಥಿಸಿದರು, ಅದರಲ್ಲಿ ಒಂದು ನನ್ನ ಸಕ್ಕರೆ ಕಾಯಿಲೆಗೆ.

ಮೂರು ವಾರಗಳ ನಂತರ ಅದೇ ಪ್ರಶ್ನೆಗೆ ಉತ್ತರಿಸುವಾಗ, ಹೇಳಬಾರದೆಂದಿದ್ದ ಇನ್ನೊಂದು ವಿಷಯ ಹೊರಬಂತು. ಸಭೆಯ ಲೆಕ್ಕ ನೋಡುತ್ತಿದ್ದ ಹಿರಿಯರೊಬ್ಬರೊಂದಿಗೆ ಚಾವಣಿ ದುರಸ್ತಿಯ ಹಣದ ವಿಷಯಕ್ಕೆ ಜಗಳವಾಗಿ, ಸುಮಾರು ಎರಡು ವರ್ಷ ನಾವಿಬ್ಬರೂ ಕೆಲಸಕ್ಕೆ ಬೇಕಾದಷ್ಟೇ ಮಾತನಾಡುತ್ತಿದ್ದೆವು. ತಪ್ಪು ನನ್ನದೇ ಹೆಚ್ಚು. ಎಲ್ಲರೆದುರು ಅವರ ಪ್ರಾಮಾಣಿಕತೆಯ ಮೇಲೆ ಮಾತು ಹಾಕಿದ್ದೆ, ರಸೀದಿ ಸಿಕ್ಕ ಮೇಲೂ ಆ ಮಾತನ್ನು ವಾಪಸು ತೆಗೆದುಕೊಂಡಿರಲಿಲ್ಲ. ಹೀಗಿದ್ದೂ ಯೇಸುವಿನ ಕೊನೆಯ ಊಟದ ನೆನಪಿಗೆ ನಡೆಸುವ ಕರ್ತನ ಭೋಜನದ ದಿನ, ನೆರೆಯವರೊಂದಿಗೆ ಪ್ರೀತಿಯಿಂದಲೂ ಸಮಾಧಾನದಿಂದಲೂ ಇರುವವರು ಹತ್ತಿರ ಬನ್ನಿರೆಂದು ಆಮಂತ್ರಣ ಓದಿ, ಅವರ ಅಂಗೈಯಲ್ಲಿ ರೊಟ್ಟಿ ಇಡುತ್ತಿದ್ದೆ. ಅವರು ತಲೆ ಎತ್ತುತ್ತಿರಲಿಲ್ಲ, ನಾನೂ ಕೆಳಗೆ ನೋಡುತ್ತಿರಲಿಲ್ಲ. ಯಜ್ಞವೇದಿಯ ಹತ್ತಿರ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂದು ಮತ್ತಾಯನ ಐದನೆಯ ಅಧ್ಯಾಯದಲ್ಲಿ ಕರ್ತನು ಹೇಳಿದ್ದು ವೇದಿಯ ಈಚೆ ಬದಿಯಲ್ಲಿ ನಿಲ್ಲುವವನಿಗೂ ಅನ್ವಯಿಸುತ್ತದೆ ಎಂಬುದನ್ನು ನಾನು ಜಾಣತನದಿಂದ ಮರೆತಿದ್ದೆ.

ಅವರ ಹೊಲಕ್ಕೆ ಹೋದೆ. ತೊಗರಿ ರಾಶಿ ಮುಗಿದು ಕಟ್ಟಿಗೆ ಒಟ್ಟುತ್ತಿದ್ದರು. ನಿಂತುಕೊಂಡೇ ನನ್ನ ತಪ್ಪನ್ನು ಹೇಳಿದೆ, ಮುಂದಿನ ಭಾನುವಾರ ಎಲ್ಲರೆದುರು ಹೇಳುತ್ತೇನೆ ಎಂದೂ ಸೇರಿಸಿದೆ. ಅವರು ಬಹಳ ಹೊತ್ತು ಕಟ್ಟಿಗೆಯನ್ನೇ ಜೋಡಿಸುತ್ತಿದ್ದು, "ಎಲ್ಲರ ಮುಂದ ಅಂದದ್ದು, ಎಲ್ಲರ ಮುಂದೇ ಹೇಳಬೇಕಾಗ್ತದ ಮತ್ತ" ಎಂದರಷ್ಟೆ. ಭಾನುವಾರ ಹೇಳಿದೆ. ಅಪ್ಪಿಕೊಳ್ಳುವುದು, ಕಣ್ಣೀರು ಯಾವುದೂ ನಡೆಯಲಿಲ್ಲ. ಅವರು ಲೆಕ್ಕದ ಕೆಲಸಕ್ಕೆ ಮತ್ತೆ ಬರಲಿಲ್ಲ, ನನ್ನೊಡನೆ ಮೊದಲಿನ ಸಲಿಗೆಯೂ ಬರಲಿಲ್ಲ. ಆದರೆ ಮುಂದಿನ ಕರ್ತನ ಭೋಜನದಲ್ಲಿ ರೊಟ್ಟಿ ಕೊಡುವಾಗ ಅವರು ನನ್ನ ಮುಖ ನೋಡಿದರು. ಆ ಆಮಂತ್ರಣದ ಮಾತುಗಳನ್ನು ಅಂದು ಓದುವಾಗ ನನ್ನ ನಾಲಿಗೆ ತಡವರಿಸಿತು. ತಡವರಿಸಿದ್ದಕ್ಕೆ ನನಗೆ ಸಂತೋಷವಾಯಿತು.

ಸಭೆ ಬೆಳೆಯಿತೇ ಎಂದು ಕೇಳುವವರಿದ್ದಾರೆ. ಇಲ್ಲ. ಪಟ್ಟಣದ ಪ್ರಾರ್ಥನಾ ಮಂದಿರಕ್ಕೆ ಹೋದ ಎರಡು ಕುಟುಂಬಗಳು ಅಲ್ಲೇ ಇವೆ, ಕಾಣಿಕೆ ಮೊದಲಿನಷ್ಟೇ ಇದೆ, ಕಾಲೇಜಿನ ಹುಡುಗರು ಗುರುವಾರದ ಕಟ್ಟೆಯ ಕಡೆ ತಲೆ ಹಾಕಿಲ್ಲ. ಒಂಬತ್ತರಲ್ಲಿ ಇಬ್ಬರು ಬಿಟ್ಟರು, ಮೂವರು ಸೇರಿದರು. ನನ್ನ ಪ್ರಸಂಗಗಳು ಗಿಡ್ಡವಾದವು, ಮೊದಲಿನಷ್ಟು ಅಚ್ಚುಕಟ್ಟಾಗಿಯೂ ಇಲ್ಲ. ಒಮ್ಮೆ ವಚನ ಓದಿ, ಇದರ ಮೇಲೆ ಹೇಳಲು ಈ ವಾರ ನನ್ನಲ್ಲಿ ಹೆಚ್ಚೇನೂ ಇಲ್ಲವೆಂದು ಹತ್ತು ನಿಮಿಷಕ್ಕೆ ಮುಗಿಸಿದ್ದಕ್ಕೆ ಒಬ್ಬ ಹಿರಿಯರು ಬೇಸರಪಟ್ಟರು. ಕೀರ್ತನೆಗಳನ್ನು ಒಂದು ಸುತ್ತು ಮುಗಿಸಲು ಮೂರು ವರ್ಷ ಬೇಕು, ನೂರೈವತ್ತಿವೆ. ನಡುನಡುವೆ ನಾರು ಅಗಿಯುವ ವಾರಗಳು ಈಗಲೂ ಬರುತ್ತವೆ.

ಅಂಥದೊಂದು ವಾರ, ಹೋದ ವರ್ಷದ ಮಳೆಗಾಲದಲ್ಲಿ, ಕಟ್ಟೆ ತೊಯ್ದಿದ್ದರಿಂದ ಎಲ್ಲರೂ ಚರ್ಚಿನೊಳಗೆ ಚಾಪೆ ಹಾಕಿ ಕುಳಿತಿದ್ದೆವು. ಸರದಿ ನನಗೆ ಬಂದಾಗ ಅವ್ವ ಎಂದಿನಂತೆ ಒಳಗೆ ಹೇಗಿದೆ ಎಂದು ಕೇಳಿದರು. "ಈ ವಾರ ಒಣಗ್ಯಾದ ಅವ್ವಾ" ಎಂದೆ. ಅವರು ನನ್ನನ್ನು ಒಮ್ಮೆ ನೋಡಿ, "ಆಯ್ತು, ಮುಂದಿನ ಗುರುವಾರ ಮತ್ತ ಕೇಳ್ತೀನಿ" ಎಂದು ಹೇಳಿ, ಪಕ್ಕದಲ್ಲಿ ಕುಳಿತಿದ್ದವಳ ಕಡೆ ತಿರುಗಿದರು.